ಉದ್ದ ಕೊಳವೆಯವರು

೧೪ ಜನವರಿ ೨೦೦೭, ಭಾನುವಾರ

ಸೌನಾದ ಹಬೆಯಲ್ಲಿ ನೆಂದ ಕೂದಲು ಇನ್ನೂ ಒಣಗಿಲ್ಲ. ನಕ್ಕು ನಕ್ಕು ಪಕ್ಕೆ ನೋಯುತ್ತಿದೆ. ಇವತ್ತು ಡೈವಿಂಗ್ ಸಂಘದ ಮನೆಯಲ್ಲಿ ಅಣ್ಣ ಎಸ್ಕೊ, ತುರ್ಕು ಪಟ್ಟಣದ ಆ ಹೊಸ ಪಂಗಡದವರ ಅಣಕ ಮಾಡಿ ತೋರಿಸಿದ. ಸೊಂಟಕ್ಕೆ ಟವೆಲ್ಲು ಕಟ್ಟಿ, ಕುತ್ತಿಗೆಗೆ ನಲ್ಲಿಯ ರಬ್ಬರ್ ಕೊಳವೆ ಸುತ್ತಿಕೊಂಡು, ಕಣ್ಣು ಮುಚ್ಚಿ, ಪಾದ್ರಿಯ ರಾಗದಲ್ಲಿ ಶುರು ಮಾಡಿದ: "ಕೊಳವೆ ಒಂದೇ, ಉದ್ದ ಒಂದೇ, ಬಣ್ಣ ಕಪ್ಪೊಂದೇ. ಮಿಕ್ಕವರೆಲ್ಲ ಮುಳುಗಿ ಸಾಯಲಿ, ಆಮೆನ್." ನಮ್ಮ ಸಂಘದ ರೈಮೊ ಬೆಂಚಿನಿಂದ ಜಾರಿ ಬಿದ್ದೇ ಬಿಟ್ಟ.

ಮುಸ್ತಲಾಂಪಿಯ ಗಣಿ ನಮ್ಮದೇ ಎಂದು ತಿಳಿದುಕೊಂಡಿದ್ದವರು ನಾವು. ಸುಣ್ಣದ ಕಲ್ಲು ತೆಗೆದು ಬಿಟ್ಟುಹೋದ ಗುಂಡಿ, ಅದರಲ್ಲಿ ತುಂಬಿದ ಕಪ್ಪು ನೀರು, ನೀರಿನಡಿಯ ಸುರಂಗಗಳು ಇವನ್ನೆಲ್ಲ ಎಸ್ಕೊನಷ್ಟು ಬಲ್ಲವರಿಲ್ಲ. ಈ ಚಳಿಗಾಲ ಶನಿವಾರ ಬಂತೆಂದರೆ ತುರ್ಕುವಿನಿಂದ ಸನೆಲ್ಮಾ ಎಂಬ ಹೆಂಗಸು ತನ್ನ ಶಿಷ್ಯರನ್ನು ಕಟ್ಟಿಕೊಂಡು ಬರುತ್ತಾಳೆ. ಎಲ್ಲರದೂ ಒಂದೇ ಬಗೆಯ ಸಾಮಾನು, ಒಂದೇ ಕಡೆ ಒಂದೇ ಕೊಂಡಿ. ಬಾಯಿಗಿಟ್ಟು ಉಸಿರಾಡುವ ರೆಗ್ಯುಲೇಟರಿಗೆ ಆಳೆತ್ತರದ ಕೊಳವೆ. ಬೇರೆ ಸಾಮಾನಿನವರು ಕಣ್ಣೆದುರು ಸಾಯುತ್ತಿದ್ದರೂ ಅವರು ಉಸಿರು ಕೊಡುವುದಿಲ್ಲವಂತೆ. ರೈಮೊನ ಭಾವನಿಗೆ ಗೊತ್ತಿರುವ ಯಾರೋ ಕಣ್ಣಾರೆ ನೋಡಿದ್ದಾರಂತೆ.

"ಹೆಲ್ವಿ, ನೀನೇ ಸೇರ್ಕೊ," ಎಂದ ಎಸ್ಕೊ. "ಔಷಧಿ ಅಂಗಡಿಯವಳು, ನಿನ್ ಮುಖ ನೋಡಿದ್ರೆ ಯಾರಿಗೂ ಅನುಮಾನ ಬರಲ್ಲ. ಒಳಗೇನು ಪ್ರಾರ್ಥನೆ ನಡೆಯುತ್ತೆ ಕೇಳ್ಕೊಂಡ್ ಬಾ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಒಪ್ಪಿದೆ. ಎಸ್ಕೊ ಹೇಳಿದ್ದಕ್ಕೆ ನಾನು ಒಪ್ಪದೆ ಇದ್ದದ್ದು ಯಾವಾಗ?

ಮಾರ್ಚಿನಲ್ಲಿ, ಮಂಜುಗಡ್ಡೆ ಕರಗುವ ಮೊದಲು, ನಾವಿಬ್ಬರೂ ಪಂಪ್ ಕೋಣೆಗೆ ಇಳಿಯಬೇಕಂತೆ. ಸುರಂಗದ ಕೊನೆಯ ಇಳಿಜಾರಿನ ಬುಡದಲ್ಲಿದೆ ಅದು, ಐವತ್ತು ಮೀಟರಿಗೂ ಕೆಳಗೆ. ಸಂಘದವರು ಯಾರೂ ನೋಡಿದ್ದಿಲ್ಲ. "ನೀನಿಲ್ದೆ ಯಾರ ಜೊತೆ ಹೋಗ್ಲಿ?" ಎಂದ. ಅದು ಕೇಳಲು ಹಿತವಾಗಿತ್ತು.

೨೦ ಜನವರಿ, ಶನಿವಾರ

ಮೈಯೆಲ್ಲ ಉರಿಯುತ್ತಿದೆ, ಅದರಲ್ಲೂ ಕಿವಿ. ಚಳಿಗಲ್ಲ, ಕೋಪಕ್ಕೆ.

ಸನೆಲ್ಮಾ ನಾನು ಎಣಿಸಿದಂತೆ ಇಲ್ಲ. ಗಿಡ್ಡನೆಯ, ಐವತ್ತು ದಾಟಿದ ಹೆಂಗಸು. ಎಡಗಾಲು ಕುಂಟುತ್ತದೆ. ಬಾಯಿ ತುಂಬ ಲೈಕರಿಸ್ ಮಿಠಾಯಿ. ಕೋಪ ಬಂದದ್ದು ಅವಳ ಬಲಗೈ ಬಂಟ ಯೂಸೊನ ಮೇಲೆ. ಇಪ್ಪತ್ತೈದು ದಾಟಿರಲಾರದು. ನನ್ನ ಸಾಮಾನನ್ನು ಹಿಮದ ಮೇಲೆ ಹರಡಿಸಿ, ಸಿಲಿಂಡರು ಬೆನ್ನಿಗೆ ಕಟ್ಟಿಕೊಳ್ಳಲು ಎಸ್ಕೊ ಕೈಯಾರೆ ಮಾಡಿಕೊಟ್ಟ ಪಟ್ಟಿಯನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಎತ್ತಿ ಹಿಡಿದ.

"ಇದೇನು, ಬಟ್ಟೆ ಒಣಗಿಸೋ ಹಗ್ಗಾನಾ? ನಿಮ್ ಸಂಘದವರು ನೀರಲ್ಲಿ ತೇಲೋ ಹೆಣಗಳು ಕಣಮ್ಮಾ. ಸತ್ತಿರೋದು ಅವರಿಗಿನ್ನೂ ಗೊತ್ತಾಗಿಲ್ಲ, ಅಷ್ಟೇ."

"ಯೂಸೊ, ಹೋಗಿ ಬಿಸಿನೀರು ತಾ," ಎಂದಳು ಸನೆಲ್ಮಾ. ಅಷ್ಟೇ. ಬೈಯಲಿಲ್ಲ.

ನೀರಿಗೆ ಇಳಿಸಲೇ ಇಲ್ಲ. ದಿನವಿಡೀ ಅಂಗಳದ ಹಿಮದಲ್ಲಿ ನಿಲ್ಲಿಸಿ ಒಂದೇ ಕೆಲಸ ಮಾಡಿಸಿದಳು: ಕಣ್ಣು ಮುಚ್ಚಿಕೊ, ನಿನ್ನ ಬಾಯಲ್ಲಿರುವ ರೆಗ್ಯುಲೇಟರನ್ನು ತೆಗೆದು ಎದುರಿನವನಿಗೆ ಕೊಡು, ಗದ್ದದ ಕೆಳಗೆ ನೇತಾಡುವ ಇನ್ನೊಂದನ್ನು ನೀನು ಹಚ್ಚಿಕೊ. ಮತ್ತೆ. ಮತ್ತೆ. ನನ್ನ ಕೈ ಪ್ರತಿ ಸಲವೂ ಪಟ್ಟಿಗೆ ಸಿಕ್ಕಿಕೊಂಡಿತು.

"ಬಾಯಲ್ಲಿರೋದನ್ನೇ ಯಾಕೆ ಕೊಡ್ಬೇಕು? ಇನ್ನೊಂದನ್ನ ಕೊಟ್ರೆ ಆಗಲ್ವಾ?" ಎಂದು ಕೇಳಿದೆ.

"ನಿನ್ ಬಾಯಲ್ಲಿರೋದು ಕೆಲಸ ಮಾಡ್ತಿದೆ ಅಂತ ಗೊತ್ತಲ್ಲ. ಸಾಯ್ತಾ ಇರೋನಿಗೆ ಗೊತ್ತಿರೋದನ್ನ ಕೊಡು, ಗೊತ್ತಿಲ್ಲದ್ದನ್ನ ನೀನಿಟ್ಕೊ."

ಸಂಜೆ ಎಸ್ಕೊಗೆ ಫೋನ್ ಮಾಡಿ ವರದಿ ಒಪ್ಪಿಸಿದೆ. ಕೆಮ್ಮು ಬರುವಷ್ಟು ನಕ್ಕ. ಸನೆಲ್ಮಾಳ ಈ ಕೊನೆಯ ಮಾತನ್ನು ಮಾತ್ರ ಅವನಿಗೆ ಹೇಳಲಿಲ್ಲ. ಹೇಳಿದರೆ ನಗೆಯ ರುಚಿ ಕೆಡುತ್ತಿತ್ತು.

೨೪ ಜನವರಿ, ಬುಧವಾರ

ಅಂಗಡಿಯಲ್ಲಿ ಜ್ವರದವರ ಸಾಲು. ಊಟಕ್ಕೆ ಹೊತ್ತಿಲ್ಲ. ಗೋದಾಮಿನಲ್ಲಿ ಯಾರೂ ಇಲ್ಲದಾಗ ಕಣ್ಣು ಮುಚ್ಚಿ ಕೈ ಅಭ್ಯಾಸ ಮಾಡಿದೆ. ಗೂಢಚಾರಳು ನಂಬಿಕೆ ಗಳಿಸಬೇಕಲ್ಲ.

೩ ಫೆಬ್ರವರಿ, ಶನಿವಾರ

ಇವತ್ತು ಮಂಜುಗಡ್ಡೆಯಲ್ಲಿ ಕಿಂಡಿ ಕೊರೆದು ನೀರಿಗಿಳಿದೆವು. ಹತ್ತು ಮೀಟರ್ ಆಳದ ಕಟ್ಟೆಯ ಮೇಲೆ ಅಲುಗಾಡದೆ ನಿಲ್ಲುವುದು, ಅಷ್ಟೇ. ಇಪ್ಪತ್ತು ವರ್ಷದಿಂದ ಮುಳುಗುತ್ತಿದ್ದೇನೆ, ಅಲುಗಾಡದೆ ನಿಲ್ಲಲು ಬರುವುದಿಲ್ಲ ಎಂದು ಇವತ್ತು ಗೊತ್ತಾಯಿತು.

ಐದು ನಿಮಿಷವಾಗಿರಬೇಕು, ಯೂಸೊ ಹೆಬ್ಬೆರಳು ಎತ್ತಿದ. ನೀರಿನೊಳಗೆ ಅದಕ್ಕೆ ಭೇಷ್ ಎಂದು ಅರ್ಥವಲ್ಲ, ಮುಗೀತು ಮೇಲೆ ಹೋಗೋಣ ಎಂದರ್ಥ. ಎಲ್ಲರೂ ಹೆಬ್ಬೆರಳು ಎತ್ತಿ ತಿರುಗಿದರು. ಅಷ್ಟು ಕಷ್ಟಪಟ್ಟು ಕೊರೆದ ಕಿಂಡಿ, ಐದೇ ನಿಮಿಷ! ಮೇಲೆ ಬಂದು ಕಾಫಿ ಕುಡಿಯುತ್ತಾ ಕೂತರು. ಏನಾಯಿತು ಎಂದು ಯಾರೂ ಕೇಳುತ್ತಿಲ್ಲ. ನಾನೇ ಕೇಳಿದೆ.

"ಕೇಳೋ ಹಾಗಿಲ್ಲ," ಎಂದಳು ಸನೆಲ್ಮಾ.

"ಅದೂ ಒಂದು ನಿಯಮಾನಾ?"

"ಕಾರಣ ಕೇಳೋಕೆ ಶುರು ಮಾಡಿದ್ರೆ ಮುಂದಿನ ಸಲ ಅವನು ಒಳ್ಳೆ ಕಾರಣ ಸಿಗೋ ತನಕ ಕಾಯ್ತಾನೆ. ಅಷ್ಟರಲ್ಲಿ ಹೊತ್ತು ಮೀರಿರುತ್ತೆ."

ದೊಡ್ಡಸ್ತಿಕೆಯ ಮಾತು ಎನಿಸಿತು. ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ: ಎಸ್ಕೊ ಜೊತೆ ಇಳಿದಾಗ ನಾನು ಹೆಬ್ಬೆರಳು ಎತ್ತಿದ್ದು ಯಾವಾಗ? ಒಮ್ಮೆಯೂ ಇಲ್ಲ. ಮೂಗಲ್ಲಿ ರಕ್ತ ಬಂದ ದಿನವೂ ಇಲ್ಲ. ಅಷ್ಟು ನಂಬಿಕೆ ಅವನ ಮೇಲೆ.

ಇನ್ನೊಂದು ವಿಷಯ. ಅವರು ಪ್ರತಿ ಸಿಲಿಂಡರಿಗೂ ಚೀಟಿ ಅಂಟಿಸಿ, ಒಳಗೇನಿದೆ, ಎಷ್ಟು ಆಳದವರೆಗೆ ಉಸಿರಾಡಬಹುದು ಎಂದು ಬರೆಯುತ್ತಾರೆ. ಹೆಸರಿಲ್ಲದ ಸೀಸೆಯನ್ನು ನಾನು ಅಂಗಡಿಯಲ್ಲಿ ಯಾರಿಗೂ ಕೊಡುವುದಿಲ್ಲ. ಎಸ್ಕೊ ತುಂಬಿಸಿ ತಂದ ಸಿಲಿಂಡರಿನಲ್ಲಿ ಏನಿದೆ ಎಂದು ಮಾತ್ರ ಇಂದಿನವರೆಗೂ ಕೇಳಿಲ್ಲ.

೧೧ ಫೆಬ್ರವರಿ, ಭಾನುವಾರ

ಸಂಘದಲ್ಲಿ ಯೂಸೊನ ನಕಲು ಮಾಡಿದೆ. ಎರಡು ಬೆರಳಲ್ಲಿ ಎಸ್ಕೊನ ಕಾಲುಚೀಲ ಎತ್ತಿ ಹಿಡಿದೆ. ಬಿದ್ದು ಬಿದ್ದು ನಕ್ಕರು. ಆಮೇಲೆ ಪಾತ್ರೆ ತೊಳೆಯುವಾಗ ಎಸ್ಕೊನನ್ನು ಕೇಳಿದೆ, ಪಂಪ್ ಕೋಣೆಗೆ ಇಳಿಯಲು ಸಿಲಿಂಡರಿಗೆ ಏನು ತುಂಬಿಸುತ್ತೀಯ ಎಂದು.

"ಗಾಳಿ. ದೇವರು ಕೊಟ್ಟ ಗಾಳಿ."

"ಐವತ್ತು ಮೀಟರಲ್ಲಿ ಬರೀ ಗಾಳಿ ಅಮಲೇರಿಸುತ್ತೆ. ಅವರು ಮೂವತ್ತು ದಾಟಿದ್ರೆ ಹೀಲಿಯಂ ಬೆರೆಸ್ತಾರಂತೆ."

"ಅಮಲೇರಿದ್ರೆ ಪುಕ್ಕಟೆ ಆಯ್ತಲ್ಲ! ನಾನು ಕುಡಿದಾಗ ನೆಟ್ಟಗೆ ನಡೆಯೋದು ನೀನೇ ನೋಡಿದೀಯ." ಸಿಗರೇಟು ಹಚ್ಚಿಕೊಂಡ. ಆಮೇಲೆ ನನ್ನ ಮುಖ ನೋಡಿದ. "ಏ ಪುಟ್ಟಿ, ನೀನು ಅವರನ್ನ ನೋಡೋಕೆ ಹೋಗಿದ್ದೋ, ಅವರು ನಿನ್ನ ನೋಡ್ತಾ ಇದ್ದಾರೋ?"

ಹೊಗೆ ಕಣ್ಣಿಗೆ ಬಂತು. ಹೊರಗೆ ಹೋಗಿ ಸೇದು ಎಂದೆ. ಹೋದ. ಅದೇ ಆಶ್ಚರ್ಯ.

೨೪ ಫೆಬ್ರವರಿ, ಶನಿವಾರ

ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಅದನ್ನು ಮೊದಲು ಬರೆದಿಡುತ್ತೇನೆ.

ಕಿಂಡಿಯ ಬಳಿ ರೈಮೊ ತಯಾರಾಗುತ್ತಿದ್ದ. ಅವನ ಎರಡನೆಯ ರೆಗ್ಯುಲೇಟರು ಬೆನ್ನ ಹಿಂದೆಲ್ಲೋ ನೇತಾಡುತ್ತಾ ಕೆಸರು ಬಳಿದುಕೊಳ್ಳುತ್ತಿತ್ತು. "ರೈಮೊ, ಸಾಯೋಕೆ ಅಷ್ಟು ಅವಸರಾನಾ? ಹೆಂಡ್ತಿ ಮಕ್ಕಳಿಗೆ ಹೇಳ್ಬಂದಿದೀಯಾ?" ಎಂದೆ, ಎಲ್ಲರ ಎದುರಿಗೆ. ಯೂಸೊ ಗಟ್ಟಿಯಾಗಿ ನಕ್ಕ. ರೈಮೊನ ಮುಖ ಬಿಳಿಚಿಕೊಂಡಿತು. ಕೊಳವೆಯನ್ನು ಸಿಕ್ಕಿಸಿಕೊಳ್ಳಲು ಹೋಗಿ, ಕೈ ನಡುಗಿ, ಕೊನೆಗೆ ನೀರಿಗಿಳಿಯದೆ ಹೊರಟುಹೋದ.

ಕಾರಿನ ಬಳಿ ಸನೆಲ್ಮಾ ಸಿಕ್ಕಳು. "ಕೊಳವೆ ಕಟ್ಟೋದು ನನ್ನ ಹತ್ರ ಕಲಿತೆ. ಆ ನಾಲಿಗೆ ಎಲ್ಲಿ ಕಲಿತೆ?"

"ಯೂಸೊ ಅದಕ್ಕಿಂತ ಕೆಟ್ಟದಾಗಿ ಮಾತಾಡ್ತಾನೆ."

"ಹೂಂ. ಅವನಿಗೆ ಇನ್ನೂ ನಾನು ಏನೂ ಕಲಿಸೋಕಾಗಿಲ್ಲ. ಕೊಳವೆ ಯಾವುದಾದ್ರೂ ನನಗೇನಮ್ಮಾ? ಕತ್ತಲಲ್ಲಿ ನಿನ್ನ ಮೈ ಮುಟ್ಟಿದ್ರೆ ನನ್ನ ಉಸಿರು ಎಲ್ಲಿದೆ ಅಂತ ಗೊತ್ತಾಗ್ಬೇಕು, ಅಷ್ಟಕ್ಕೇ ಎಲ್ರದೂ ಒಂದೇ ಥರ. ಆ ರೈಮೊ ಇನ್ಮೇಲೆ ಯಾರನ್ನಾದ್ರೂ ಸಹಾಯ ಕೇಳ್ತಾನಾ?"

ಅವಳ ಸಮಸ್ಯೆಯೆಂದರೆ ಎಲ್ಲದರಲ್ಲೂ ತಪ್ಪು ಹುಡುಕುವುದು. ರೈಮೊಗೆ ನಾಳೆ ಫೋನ್ ಮಾಡಬೇಕು.

೩ ಮಾರ್ಚ್, ಶನಿವಾರ

ಪಂಪ್ ಕೋಣೆಗೆ ದಿನ ಗೊತ್ತಾಯಿತು, ಮುಂದಿನ ಶನಿವಾರ. ಎಸ್ಕೊನ ಅಡುಗೆಮನೆಯಲ್ಲಿ ಕೂತು ನನ್ನ ಮಾತು ಹೇಳಿದೆ. ಮೂರರಲ್ಲೊಂದು ಪಾಲು ಗಾಳಿ ಮುಗಿದರೆ ತಿರುಗುವುದು. ಇಳಿಜಾರಿನ ತಲೆಯ ಬಳಿ ನಿಂತು ಇಬ್ಬರೂ ಸರಿಯಿದ್ದೇವೆಯೇ ನೋಡುವುದು. ಯಾರೇ ಹೆಬ್ಬೆರಳು ಎತ್ತಿದರೂ ಮಾತಿಲ್ಲದೆ ವಾಪಸು.

ಉಡುಪಿನ ಜಿಪ್ಪಿಗೆ ಮೇಣ ಹಚ್ಚುತ್ತಾ "ಹೂಂ, ಹೂಂ" ಎಂದ.

"ಎಸ್ಕೊ, ಮಾತು ಕೊಡು."

"ಆಯ್ತು ಮಹಾರಾಣಿ, ಕೊಟ್ಟೆ."

ಅಮ್ಮ ಫೋನ್ ಮಾಡಿದ್ದಳು. ಕಾರ್ಖಾನೆ ಮುಚ್ಚಿ ಎಸ್ಕೊನ ಕೆಲಸ ಹೋದಾಗಿನಿಂದ, ಹೆಂಡತಿ ಅವನನ್ನು ಬಿಟ್ಟುಹೋದಾಗಿನಿಂದ, ಅವಳಿಗೆ ಅವನದೇ ಚಿಂತೆ. "ನೀನು ಜೊತೇಲಿದ್ರೆ ನನಗೆ ನಿದ್ದೆ ಬರುತ್ತೆ ಹೆಲ್ವಿ. ಒಬ್ಬನೇ ಹೋಗಿಬಿಟ್ರೆ? ಅವನು ಹೋಗೋನೇ."

ಹೌದು. ಅವನು ಹೋಗುವವನೇ.

೧೦ ಮಾರ್ಚ್, ಶನಿವಾರ

ಇಬ್ಬರೂ ಬದುಕಿದ್ದೇವೆ. ನಾಳೆ ಬರೆಯುತ್ತೇನೆ.

೧೧ ಮಾರ್ಚ್, ಭಾನುವಾರ

ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು.

ಕಿಂಡಿಯ ಬಳಿ ಹಗ್ಗ ಹಿಡಿದು ರೈಮೊ ನಿಂತಿದ್ದ. ಎಸ್ಕೊ ಖುಷಿಯಲ್ಲಿದ್ದ, ಹಾಡುತ್ತಿದ್ದ. ಸುರಂಗದ ಬಾಯಿಯವರೆಗೆ ಎಲ್ಲವೂ ಎಂದಿನ ಹಾಗೆ. ಹಳಿಗಳು, ತುಕ್ಕು ಹಿಡಿದ ಗಣಿಬಂಡಿ, ದಾರಿ ತಪ್ಪದಂತೆ ಗೋಡೆಗೆ ಕಟ್ಟಿದ ದಾರ. ಇಳಿಜಾರಿನ ತಲೆಗೆ ಬಂದೆವು, ಮೂವತ್ತು ಮೀಟರ್. ಅಲ್ಲಿಂದ ಕೆಳಗೆ ಟಾರ್ಚ್ ಬಿಟ್ಟರೆ ಬೆಳಕು ಎಲ್ಲಿಯೂ ತಾಗುವುದಿಲ್ಲ.

ನಿಲ್ಲು ಎಂದು ಸನ್ನೆ ಮಾಡಿದೆ. ನಿಂತ. ಸರಿಯಿದ್ದೀಯಾ ಎಂದು ಟಾರ್ಚಿನಿಂದ ಸುತ್ತು ಹಾಕಿ ಕೇಳಿದೆ. ಉತ್ತರ ಬರಲು ಹೊತ್ತು ಹಿಡಿಯಿತು, ಬಂದಾಗ ಅವನ ಬೆಳಕು ಗೋಡೆಯ ಮೇಲೆಲ್ಲ ಓಲಾಡುತ್ತಿತ್ತು. ಮುಖವಾಡದ ಗಾಜಿನ ಹಿಂದೆ ಅವನ ಕಣ್ಣುಗಳು ನಗುತ್ತಿದ್ದವು. ನನ್ನನ್ನಲ್ಲ, ಯಾವುದನ್ನೂ ನೋಡದೆ ನಗುತ್ತಿದ್ದವು. ಗಾಳಿ ಎಷ್ಟು ಉಳಿದಿದೆ, ಒತ್ತಡದ ಮುಳ್ಳು ತೋರಿಸು ಎಂದು ಸನ್ನೆ ಮಾಡಿದೆ. ಕೈ ಬೀಸಿದ.

ಹೆಬ್ಬೆರಳು ಎತ್ತಿದೆ.

ಅವನು ಬೇಡವೆಂದು ತಲೆಯಾಡಿಸಿದ. ಭುಜ ತಟ್ಟಿದ, ಚಿಕ್ಕಂದಿನಲ್ಲಿ ಸರೋವರದ ತೆಪ್ಪದಿಂದ ನೆಗೆಯಲು ಹೆದರಿದಾಗ ತಟ್ಟುತ್ತಿದ್ದ ಹಾಗೆಯೇ. ಮತ್ತೆ ಹೆಬ್ಬೆರಳು ಎತ್ತಿದೆ, ಅವನ ಮುಖಕ್ಕೆ ಹಿಡಿದೆ. ಅವನು ಕೆಳಗೆ ಬೆರಳು ತೋರಿಸಿ ಇಳಿದೇ ಬಿಟ್ಟ. ಕಾಲಿನ ಈಜುರೆಕ್ಕೆಯ ಹೊಡೆತಕ್ಕೆ ತಳದ ಹೂಳೆದ್ದು ಅವನ ಬೆಳಕು ಕಂದಾಗಿ, ಮಂದವಾಗಿ, ಇಲ್ಲವಾಯಿತು.

ನನ್ನ ಮೈ ಅವನ ಹಿಂದೆ ಹೊರಟಿತ್ತು. ನಿಜ ಹೇಳುತ್ತೇನೆ, ಎರಡು ಸಲ ಕಾಲು ಬಡಿದೆ. ಅಮ್ಮನ ದನಿ ಕೇಳಿಸಿತು. ಆಮೇಲೆ ಕೈ ದಾರವನ್ನು ಹಿಡಿದುಕೊಂಡಿತು, ಬಿಡಲಿಲ್ಲ.

ಮುಳ್ಳು ನೋಡಿದೆ. ಇಬ್ಬರು ಒಂದೇ ಸಿಲಿಂಡರಿನಲ್ಲಿ ಕಿಂಡಿಯವರೆಗೆ ಹೋಗಲು ಎಷ್ಟು ಬೇಕೆಂದು ಸನೆಲ್ಮಾ ಹೇಳಿಕೊಟ್ಟ ಹಾಗೆ ಲೆಕ್ಕ ಹಾಕಿದೆ. ಮುಳ್ಳು ಆ ಗೆರೆಗೆ ಬಂದರೆ ಅವನಿಲ್ಲದೆ ಹೊರಡಬೇಕು. ಟಾರ್ಚನ್ನು ಇಳಿಜಾರಿನ ಕಡೆಗೆ ತಿರುಗಿಸಿ, ಅಲುಗಾಡದೆ ನಿಂತೆ. ಹೂಳು ಮೇಲೇರಿ ಬಂದು ನನ್ನನ್ನೂ ನುಂಗಿತು. ನನ್ನ ಕೈ ನನಗೇ ಕಾಣಲಿಲ್ಲ. ಉಸಿರು ನಿಧಾನ, ಇನ್ನೂ ನಿಧಾನ ಎಂದು ಹೇಳಿಕೊಳ್ಳುತ್ತಿದ್ದೆ. ಮುಳ್ಳನ್ನು ಗಾಜಿಗೆ ತಾಗಿಸಿ ಓದಬೇಕಾಗಿತ್ತು. ಗೆರೆಗೆ ಇನ್ನು ಸ್ವಲ್ಪ. ಶವಪೆಟ್ಟಿಗೆಯಲ್ಲಿ ಅವನಿಗೆ ಯಾವ ಕೋಟು ತೊಡಿಸುವುದು ಎಂಬ ಯೋಚನೆ ಬಂತು. ಅಂಥ ಯೋಚನೆ ಹೇಗೆ ಬಂತೋ.

ಮೊದಲು ಸದ್ದು. ಕುದಿಯುವ ಕಡಾಯಿಯಂಥ ಸದ್ದು. ಅವನ ರೆಗ್ಯುಲೇಟರು ಚಳಿಗೆ ಹೆಪ್ಪುಗಟ್ಟಿ, ಮುಚ್ಚಿಕೊಳ್ಳಲಾಗದೆ, ಗಾಳಿಯನ್ನೆಲ್ಲ ಸುರಿದುಬಿಡುತ್ತಿತ್ತು. ಆಮೇಲೆ ಆ ಸದ್ದೂ ನಿಂತಿತು. ಅದು ಇನ್ನೂ ಭಯಂಕರ. ಕಂದು ಕತ್ತಲೆಯಿಂದ ಎಸ್ಕೊ ಬಂದು ನನಗೆ ಡಿಕ್ಕಿ ಹೊಡೆದ. ಮುಖಕ್ಕೆ ಮುಖ ತಾಗುವಷ್ಟು ಹತ್ತಿರದಲ್ಲಿ ಕಂಡೆ, ಬಾಯಲ್ಲಿ ಏನೂ ಇರಲಿಲ್ಲ. ಅವನ ಎರಡನೆಯ ರೆಗ್ಯುಲೇಟರು ಬೆನ್ನ ಹಿಂದೆ ಪಟ್ಟಿಗೆ ಸಿಕ್ಕಿಕೊಂಡಿತ್ತು. ನನ್ನ ಮುಖವನ್ನೇ ಕಿತ್ತುಕೊಳ್ಳುವ ಹಾಗೆ ಎರಡೂ ಕೈ ಚಾಚಿದ.

ಅವನ ಕೈ ಮುಟ್ಟುವ ಮೊದಲೇ ನನ್ನ ಬಾಯಿಯದು ಅವನ ಬಾಯಲ್ಲಿತ್ತು. ಕೊಟ್ಟದ್ದು ನನಗೆ ನೆನಪಿಲ್ಲ. ಗದ್ದದ ಕೆಳಗಿನದನ್ನು ನಾನು ಕಚ್ಚಿಕೊಂಡೆ. ಅವನ ತೋಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ದಾರ ಸವರುತ್ತಾ ಹೊರಟೆ. ಸುರಂಗ ಕಿರಿದಾದಲ್ಲಿ ಅವನನ್ನು ಮುಂದೆ ಬಿಟ್ಟೆ. ಸನೆಲ್ಮಾ ಹಾಕಿಸಿದ್ದ ಕೊಳವೆ ಉದ್ದವಿತ್ತು, ಹಿಂದೆ ಮುಂದೆ ಹೋಗಲು ಸಾಲುತ್ತಿತ್ತು. ಒತ್ತಡ ಇಳಿದು ಮೈ ಹೊಂದಿಕೊಳ್ಳಲು ಮಂಜುಗಡ್ಡೆಯ ಕೆಳಗೆ ಕಾಯಬೇಕಾದಷ್ಟು ಕಾಯುವಾಗ ಅವನು ನನ್ನ ಉಡುಪಿನ ತೋಳನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಐವತ್ತು ವರ್ಷ ದಾಟಿದ ಗಂಡಸು.

ಕಿಂಡಿಯ ಬೆಳಕು ತಲೆಯ ಮೇಲೆ ಬಂದಾಗ ಅವನು ನನ್ನ ರೆಗ್ಯುಲೇಟರನ್ನು ಬಾಯಿಂದ ತೆಗೆದು ನನ್ನ ಕೈಗೆ ತುರುಕಿದ, ಖಾಲಿ ಬಾಯಲ್ಲೇ ಕೊನೆಯ ಗಜ ಏರಿದ. ರೈಮೊ ನೋಡಬಾರದಲ್ಲ.

ರೈಮೊ ಒಲೆ ಹಚ್ಚಲು ಒಳಗೆ ಹೋದಾಗ ಎಸ್ಕೊ ಹಿಮದ ಮೇಲೆ ವಾಂತಿ ಮಾಡಿಕೊಂಡ. ಅದರ ಮೇಲೆ ಕಾಲಿನಿಂದ ಹಿಮ ಎಳೆದು ಮುಚ್ಚಿದ.

"ಯಾರಿಗೂ ಹೇಳ್ಬೇಡ," ಎಂದ.

೧೪ ಮಾರ್ಚ್, ಬುಧವಾರ

ಸನೆಲ್ಮಾಗೆ ಹೇಳಿದೆ. ತುರ್ಕುವಿಗೇ ಹೋಗಿ, ಅವಳ ಅಡುಗೆಮನೆಯಲ್ಲಿ ಕೂತು. ಅವಳು ಹೊಗಳುತ್ತಾಳೆ ಎಂದು ಎಣಿಸಿದ್ದೆನೇ? ಎಣಿಸಿದ್ದೆ.

"ಆ ಸುರಂಗಕ್ಕೆ ಹೋಗುವಷ್ಟು ನಾನು ನಿನಗೆ ಕಲಿಸಿಲ್ಲ," ಎಂದಳು.

"ಕಲಿಸಿದ್ದರಿಂದಲೇ ಅವನು ಬದುಕಿದ್ದು!"

"ಮುಳ್ಳು ಗೆರೆಗೆ ಬಂದಿದ್ರೆ ಅವನನ್ನ ಬಿಟ್ಟು ಹೊರಡ್ತಿದ್ಯಾ?"

ನಾನು ಕಾಫಿ ಲೋಟವನ್ನು ಮೇಜಿನ ಮೇಲೆ ತಿರುಗಿಸಿದೆ.

"ನೋಡು. ಅವನು ಮಾತು ಕೇಳಲ್ಲ ಅಂತ ನಿನಗೆ ದಡದಲ್ಲೇ ಗೊತ್ತಿತ್ತು. ಗೊತ್ತಿದ್ದೂ ಇಳಿದೆ. ಹೆಬ್ಬೆರಳು ಎತ್ತಬೇಕಾಗಿದ್ದು ದಡದಲ್ಲಿ, ಹೆಲ್ವಿ. ಕೆಳಗೆ ನಿನ್ನ ಕೈ ಚೆನ್ನಾಗಿ ಕೆಲಸ ಮಾಡ್ತು, ಅದು ಬೇರೆ ಮಾತು."

ಕಾಫಿ ಮುಗಿಸದೆ ಎದ್ದು ಬಂದೆ. ಕಲ್ಲಿನಂಥ ಹೆಂಗಸು. ಬಾಗಿಲವರೆಗೆ ಬಂದು, ನನ್ನ ಕೋಟಿನ ಗುಂಡಿ ತಪ್ಪಾಗಿ ಹಾಕಿದ್ದನ್ನು ಬಿಚ್ಚಿ ಸರಿಯಾಗಿ ಹಾಕಿದಳು.

೨೫ ಮಾರ್ಚ್, ಭಾನುವಾರ

ಸಂಘದಲ್ಲಿ ಎಸ್ಕೊ ಕಥೆ ಹೇಳಿದ. ಮೂವತ್ತು ಮೀಟರಿನಲ್ಲಿ ಹೆಲ್ವಿಗೆ ಕೈಕಾಲು ನಡುಗಿತಂತೆ. ಪಂಪ್ ಕೋಣೆಯ ಬಾಗಿಲು ಕಣ್ಣಿಗೆ ಬಿದ್ದಿತ್ತಂತೆ, ಆದರೂ ತಂಗಿಗೋಸ್ಕರ ವಾಪಸು ಬಂದನಂತೆ. "ಪಂಗಡದವರು ಕಲಿಸೋದೇ ಅದು ಕಣ್ರೋ. ಹೆದರೋದು ಹೇಗೆ ಅಂತ!"

ನಕ್ಕರು. ನಾನು ಎಲ್ಲರಿಗೂ ಕಾಫಿ ಬಗ್ಗಿಸಿದೆ. ಒಂದು ತೊಟ್ಟೂ ಚೆಲ್ಲಲಿಲ್ಲ. ರೈಮೊ ನಗಲಿಲ್ಲ, ಲೋಟದೊಳಗೆ ನೋಡುತ್ತಿದ್ದ.

೮ ಏಪ್ರಿಲ್, ಈಸ್ಟರ್

ಅಮ್ಮನ ಮನೆ. ಕುರಿಮಾಂಸ, ರೈ ಹಿಟ್ಟಿನ ಮೆಮ್ಮಿ ಗಂಜಿ, ಕೆನೆ. ಎಸ್ಕೊ ನನ್ನ ಕಡೆ ನೋಡದೆ ಉಪ್ಪು ಕೇಳಿದ. "ನೀನು ಇನ್ಮೇಲೆ ಅವನ ಜೊತೆ ಹೋಗಲ್ವಂತೆ," ಎಂದಳು ಅಮ್ಮ, ಅವನು ಸೌದೆಗೆ ಹೋದಾಗ. "ಎಂಥ ತಂಗಿ ನೀನು?"

ಇಂಥ ತಂಗಿ ಎಂದೆ. ಅಮ್ಮನಿಗೆ ಕೇಳಿಸಲಿಲ್ಲ.

೪ ಮೇ, ಶುಕ್ರವಾರ

ರೈಮೊ ಅಂಗಡಿಗೆ ಬಂದಿದ್ದ. ನೆಗಡಿ, ಕಿವಿ ಕಟ್ಟಿದೆ, ಬೇಗ ಬಿಡುವಂಥದ್ದು ಏನಾದರೂ ಕೊಡು ಎಂದ.

"ಯಾವತ್ತಿನೊಳಗೆ ಬಿಡ್ಬೇಕು?"

"ನಾಳೆ."

ಹಿಂದೆ ಇಬ್ಬರು ಮುದುಕಿಯರು ನಿಂತಿದ್ದರು. "ಎಸ್ಕೊ ಜೊತೆ ಇಳೀತಿದೀಯಾ?"

ಕೌಂಟರಿನ ಮೇಲೆ ಬೆರಳು ಆಡಿಸಿದ. "ಈ ಸಲ ಪಂಪ್ ಕೋಣೆ ಮುಟ್ಟಿಯೇ ಬರೋದು ಅಂತಾನೆ. ನನಗೂ ಏನೋ... ಇಲ್ಲ ಅನ್ನೋಕಾಗ್ಲಿಲ್ಲ."

ಮೂಗಿಗೆ ಹನಿ ಕೊಡಲಿಲ್ಲ. ನೆಗಡಿಯಲ್ಲಿ ಇಳಿಯಬೇಡ ಎಂದಷ್ಟೇ ಹೇಳಿ ಉಪ್ಪುನೀರಿನ ಸೀಸೆ ಕೊಟ್ಟು ಕಳಿಸಿದೆ. ಮುಂದಿನವಳು ಕೆಮ್ಮಿನ ಔಷಧಿ ಕೇಳಿದ್ದು ಎರಡು ಸಲ ಹೇಳಿದ ಮೇಲೆ ಕಿವಿಗೆ ಬಿತ್ತು.

೫ ಮೇ, ಶನಿವಾರ

ಬೆಳಿಗ್ಗೆ ತುರ್ಕುವಿನಲ್ಲಿ ನಮ್ಮ ಪಾಠವಿತ್ತು, ಹೋಗಲಿಲ್ಲ. ಮುಸ್ತಲಾಂಪಿಗೆ ಹೋದೆ. ಸಂಘದ ಏಳೆಂಟು ಜನ ಇದ್ದರು, ಸಾಸೇಜು ಸುಡುತ್ತಿದ್ದರು. ಎಸ್ಕೊ, ರೈಮೊ ಉಡುಪು ತೊಟ್ಟು ದಡದಲ್ಲಿ ಕೂತಿದ್ದರು.

"ಓ, ಮಹಾರಾಣಿ! ಪ್ರಾರ್ಥನೆ ಮಾಡೋಕೆ ಬಂದ್ಯಾ?" ಎಂದ ಎಸ್ಕೊ.

"ರೈಮೊಗೆ ಒಂದು ಮಾತು ಹೇಳೋಕೆ ಬಂದೆ."

"ಹೆಲ್ವಿ." ಅವನ ದನಿ ಇಳಿಯಿತು. "ಬೇಡ."

ದಾರಿಯುದ್ದಕ್ಕೂ ಚೂಪಾದ ಮಾತುಗಳನ್ನು ಮಸೆದುಕೊಂಡು ಬಂದಿದ್ದೆ. ಯಾವುದೂ ನಾಲಿಗೆಗೆ ಬರಲಿಲ್ಲ. ರೈಮೊನ ಮುಂದೆ ಮಂಡಿಯೂರಿ ಕೂತೆ. "ರೈಮೊ, ಮಾರ್ಚಲ್ಲಿ ಇವನು ನನಗೋಸ್ಕರ ವಾಪಸ್ ಬರ್ಲಿಲ್ಲ. ನಾನು ಸಾಕು ಅಂದೆ, ಇವನು ಬಿಟ್ಟು ಇಳಿದ. ಗಾಳಿ ಪೂರ್ತಿ ಖಾಲಿ ಮಾಡ್ಕೊಂಡು ಬಂದ. ಕಿಂಡಿ ತನಕ ನನ್ನ ಸಿಲಿಂಡರಲ್ಲೇ ಉಸಿರಾಡಿದ. ನೀನು ನೋಡ್ಬಾರ್ದು ಅಂತ ಕೊನೇಲಿ ಬಾಯಿಂದ ತೆಗೆದ."

"ಸುಳ್ಳು!" ಎಸ್ಕೊ ಎದ್ದು ನಿಂತ. "ಅವರು ಇವಳ ತಲೆ ಕೆಡಿಸಿದಾರೆ. ನೋಡ್ರೋ, ಸ್ವಂತ ಅಣ್ಣನ ಮೇಲೆ..."

ಸಾಸೇಜು ಸೀದು ಹೋಗುತ್ತಿತ್ತು. ರೈಮೊ ನನ್ನನ್ನು ನೋಡಲಿಲ್ಲ, ನೀರನ್ನು ನೋಡುತ್ತಾ ಹೇಳಿದ: "ಅವತ್ತು ನೀವು ಮೇಲೆ ಬಂದ್ಮೇಲೆ ನಿನ್ನ ಸಿಲಿಂಡರುಗಳನ್ನ ಮತ್ತೆ ತುಂಬಿಸೋಕೆ ತಗೊಂಡು ಹೋಗಿದ್ದು ನಾನು, ಎಸ್ಕೊ. ಎರಡೂ ಬರಿದಾಗಿದ್ವು. ಕಾರಲ್ಲಿ ಸೋರಿಹೋಯ್ತು ಅಂದೆ ನೀನು. ನಾನು ಹೂಂ ಅಂದೆ."

ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಅವನ ಕೈ ಫೆಬ್ರವರಿಯ ಆ ದಿನದ ಹಾಗೆ ನಡುಗಲಿಲ್ಲ.

ಎಸ್ಕೊ ನನ್ನ ತೀರ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡೆ. "ಇವತ್ತಿಂದ ನನಗೆ ತಂಗಿ ಇಲ್ಲ," ಎಂದ, ನನಗೊಬ್ಬಳಿಗೇ ಕೇಳುವ ಹಾಗೆ.

ಒಬ್ಬನೇ ಇಳಿದುಬಿಡುತ್ತಾನೆ ಎಂಬ ಹೆದರಿಕೆಯಿಂದ ಕಾರಿನಲ್ಲಿ ಕೂತು ಕಾದೆ. ಜನ ಒಬ್ಬೊಬ್ಬರೇ ಹೊರಟುಹೋದರು. ಅವನು ಸೊಂಟದವರೆಗೆ ಉಡುಪು ಬಿಚ್ಚಿಕೊಂಡು ಬಂಡೆಯ ಮೇಲೆ ಕೂತೇ ಇದ್ದ. ಕೊನೆಗೆ ಸಾಮಾನು ಎತ್ತಿಕೊಂಡು ಹೋದ. ಆಮೇಲೆ ಅಳು ಬಂತು.

೧೨ ಮೇ, ಶನಿವಾರ

ಯೂಸೊಗೆ ವಿಷಯ ಮುಟ್ಟಿದೆ. ಇಂಟರ್ನೆಟ್ಟಿನಲ್ಲಿ ಬರೆಯುತ್ತಾನಂತೆ, ಎಲ್ಲರಿಗೂ ಪಾಠವಾಗಲಿ ಎಂದು. "ಹೆಸರು ಹಾಕಲ್ಲ. ಒಂದು ತೇಲೋ ಹೆಣವನ್ನ ನಮ್ಮವರು ಹೇಗೆ ಎಳ್ಕೊಂಡು ಬಂದ್ರು ಅಂತ..."

"ಅವನು ನನ್ನ ಅಣ್ಣ. ನನಗೆ ಈಜು ಕಲಿಸಿದೋನು, ಇಪ್ಪತ್ತು ವರ್ಷ ನೀರು ತೋರಿಸಿದೋನು. ಒಂದಕ್ಷರ ಬರೆದ್ರೆ ನಾನು ಈ ಗುಂಪಲ್ಲಿ ಇರಲ್ಲ."

"ಆದ್ರೆ ನಮ್ಮ ದಾರಿ ಸರಿ ಅಂತ ಸಾಬೀತಾಗುತ್ತಲ್ಲ!"

"ಸರಿ ಅನ್ನಿಸ್ಕೊಳ್ಳೋಕೆ ಅಲ್ಲ ಕಣೋ ಅವತ್ತು ಅಲ್ಲಿ ನಿಂತಿದ್ದು."

ಸನೆಲ್ಮಾ ಲೈಕರಿಸ್ ಪೊಟ್ಟಣವನ್ನು ನನ್ನ ಕಡೆಗೆ ಚಾಚಿದಳು. ಎರಡು ತೆಗೆದುಕೊಂಡೆ.

೨೩ ಜೂನ್, ಯುಹಾನುಸ್, ನಡುಬೇಸಿಗೆಯ ಹಬ್ಬ

ಅಮ್ಮನ ಸರೋವರದ ಮನೆ. ಎಸ್ಕೊ ಬರುವುದಿಲ್ಲ ಎಂದುಕೊಂಡಿದ್ದೆ, ಬಂದಿದ್ದ. ಬರ್ಚ್ ಕೊಂಬೆಗಳನ್ನು ಬಾಗಿಲಿಗೆ ಕಟ್ಟುತ್ತಿದ್ದ. ಮೀನಿನ ಬಲೆ ಎತ್ತಿಕೊಂಡು ಬನ್ನಿ ಎಂದು ಅಮ್ಮ ಇಬ್ಬರನ್ನೂ ದೋಣಿಗೆ ಅಟ್ಟಿದಳು. ಅವಳಿಗೆ ಎಷ್ಟು ಗೊತ್ತೋ, ಯಾರು ಬಲ್ಲರು.

ಅವನು ಹುಟ್ಟು ಹಾಕಿದ, ನಾನು ಹಿಂದೆ ಕೂತೆ. ನಡು ಸರೋವರದಲ್ಲಿ ಹುಟ್ಟು ನಿಲ್ಲಿಸಿದ.

"ಇಳಿಜಾರು ಹತ್ತುವಾಗ," ಎಂದ, "ನನಗೆ ದಾರ ಸಿಗ್ಲಿಲ್ಲ. ಎಲ್ಲಾ ಕೆಸರು. ನಿನ್ನ ಬೆಳಕು ಕಾಣ್ತು. ಅಲ್ಲಾಡ್ತಾನೇ ಇರ್ಲಿಲ್ಲ. ಅದು ನೀನಲ್ಲ ಅಂದ್ಕೊಂಡೆ. ಹೆಲ್ವಿ ಆಗಲೇ ಹೊರಟುಹೋಗಿದಾಳೆ, ಇದು ಸಾಯೋರಿಗೆ ಕಾಣೋ ಬೆಳಕು ಅಂತ."

ನಾನು ಬಲೆಯ ತೇಲುಗುಂಡನ್ನು ಹಿಡಿದುಕೊಂಡೆ.

"ಯಾಕೆ ಹಾಗಂದ್ಕೊಂಡೆ ಗೊತ್ತಾ? ನಾನಾಗಿದ್ರೆ ಹೊರಟುಹೋಗ್ತಿದ್ದೆ." ನೀರಿನ ಕಡೆ ನೋಡುತ್ತಲೇ ಹೇಳಿದ. "ಅದು ಅವತ್ತೇ ಗೊತ್ತಾಯ್ತು, ನಿನ್ನ ತೋಳು ಹಿಡ್ಕೊಂಡು ನೇತಾಡ್ತಿದ್ನಲ್ಲ, ಆವಾಗ. ಆಮೇಲೆ ನಿನ್ನ ಮುಖ ನೋಡೋಕಾಗ್ಲಿಲ್ಲ."

ಹಾಗೇನಿಲ್ಲ ಎಸ್ಕೊ, ನೀನು ಹೋಗ್ತಿರ್ಲಿಲ್ಲ ಎಂಬ ಮಾತು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಅವನಿಗೆ ಕೊಡಲು ಮನಸ್ಸು ಬರಲಿಲ್ಲ. ಬಲೆಯ ಒಂದು ತುದಿಯನ್ನು ಅವನ ಜಡ್ಡುಗಟ್ಟಿದ ಕೈಗೆ ಕೊಟ್ಟೆ. ಇಬ್ಬರೂ ಎಳೆದೆವು. ಭಾರವಿತ್ತು. ದೋಣಿ ಅವನ ಕಡೆಗೆ ವಾಲಿದಾಗ ನಾನು ಈ ಕಡೆಗೆ ಒರಗಿದೆ, ಈ ಕಡೆಗೆ ವಾಲಿದಾಗ ಅವನು ಆ ಕಡೆಗೆ ಒರಗಿದ. ದಡದಲ್ಲಿ ಅಮ್ಮ ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದಳು.